‘ನೀನೂ ತೆಗೆದುಕೊಳ್ಳುತ್ತಿದ್ದೆಯಾ?’ ಎಂದು ಕೇಳುವವರಿಗೆ

ಇಲ್ಲ. ತೆಗೆದುಕೊಂಡಿಲ್ಲ. ಇಷ್ಟು ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಇಷ್ಟು ಸಾಕೆಂದವರನ್ನು ಶಿವಮೊಗ್ಗದಲ್ಲಿ ನಾನಿನ್ನೂ ಕಂಡಿಲ್ಲ.

ಪ್ರಶ್ನೆ ಪೂರ್ತಿಯಾಗಿ ಬರುವುದೂ ಅಪರೂಪ. “ನೀನು ವೇಟ್‌ಲಿಫ್ಟಿಂಗ್ ಮಾಡುತ್ತಿದ್ದೆಯಲ್ಲ, ಆಗ ಏನಾದರೂ...” ಎಂದು ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಹುಬ್ಬಿನಲ್ಲಿ ಕೇಳುತ್ತಾರೆ. ಸಭ್ಯರು ‘ಪೌಡರ್’ ಎನ್ನುತ್ತಾರೆ. ಉದ್ದೀಪನ ಮದ್ದು ಎಂದು ಬಾಯಿಬಿಟ್ಟು ಹೇಳುವವರು ಪತ್ರಿಕೆ ಓದುವವರು ಮಾತ್ರ. ಕಬಡ್ಡಿ ಆಡುತ್ತಿದ್ದ ನನ್ನ ತಮ್ಮನನ್ನು ಯಾರೂ ಹೀಗೆ ಕೇಳಿಲ್ಲ. ಅವನ ತೋಳು ದಪ್ಪವಾದರೆ ಅಮ್ಮನ ಅಡುಗೆಗೆ ಹೊಗಳಿಕೆ. ನನ್ನದು ದಪ್ಪವಾದರೆ ಸೂಜಿ ಎಲ್ಲಿ ಚುಚ್ಚಿಸಿಕೊಂಡೆ ಎಂಬ ವಿಚಾರಣೆ.

2023ರ ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆ ಒಂದು ಮದುವೆ. ಪಂಕ್ತಿಯ ಎದುರು ಸಾಲಿನಿಂದ ದೊಡ್ಡಪ್ಪ, ಎಲ್ಲರಿಗೂ ಕೇಳಿಸುವಂತೆ, “ನಿನ್ನ ಸಂಜಿತಾ ಮತ್ತೆ ಸಿಕ್ಕಿಬಿದ್ದಳಂತಲ್ಲೇ!” ಎಂದರು. ಮಣಿಪುರದ ಸಂಜಿತಾ ಚಾನುವನ್ನು ನಾನು ಹತ್ತಿರದಿಂದ ನೋಡಿದವಳೂ ಅಲ್ಲ. ಆದರೂ ಆಕೆ ‘ನನ್ನ’ ಸಂಜಿತಾ ಆಗಿದ್ದಳು, ಏಕೆಂದರೆ ಹಿಂದೊಮ್ಮೆ ಆಕೆಯ ಪರವಾಗಿ ದೊಡ್ಡಪ್ಪನ ಜೊತೆ ನಾನು ವಾದಕ್ಕಿಳಿದಿದ್ದೆ.

ಆಕೆ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 48 ಕೆ.ಜಿ. ವಿಭಾಗದ ಚಿನ್ನ ಗೆದ್ದವಳು. 2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ 53 ಕೆ.ಜಿ. ವಿಭಾಗಕ್ಕೆ ಹೋಗಿ, ಒಟ್ಟು 192 ಕೆ.ಜಿ. ಎತ್ತಿ ಇನ್ನೊಂದು ಚಿನ್ನ ತಂದಳು. ಮರು ತಿಂಗಳೇ ಅಮಾನತು. 2017ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಪಡೆದ ಮೂತ್ರದ ಮಾದರಿಯಲ್ಲಿ ಸ್ನಾಯು ಬೆಳೆಸುವ ಹಾರ್ಮೋನ್ ಟೆಸ್ಟೋಸ್ಟೆರಾನ್ ಸಿಕ್ಕಿತೆಂದರು. ಆಮೇಲೆ ನೋಡಿದರೆ ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಒಕ್ಕೂಟದ ಕಾಗದಗಳಲ್ಲಿ ಮಾದರಿಗೆ ಎರಡು ಬೇರೆ ಬೇರೆ ಸಂಖ್ಯೆಗಳಿದ್ದವು.

“ಟೈಪಿಂಗ್ ತಪ್ಪಿರಬೇಕು ಬಿಡು” ಎಂದಿದ್ದರು ದೊಡ್ಡಪ್ಪ. ನನಗೆ ರೇಗಿದ್ದೇ ಅಲ್ಲಿ. ಮಾದರಿ ಕೊಟ್ಟವರಿಗೆ ಗೊತ್ತು. ನಾನೂ ಒಂದು ಕೂಟದಲ್ಲಿ ಕೊಟ್ಟಿದ್ದೇನೆ. ಮಹಿಳಾ ಅಧಿಕಾರಿಯೊಬ್ಬರು ಎದುರಿಗೇ ನಿಂತು ನೋಡುತ್ತಿರುತ್ತಾರೆ, ನಾಚಿಕೆ ಗೀಚಿಕೆಯ ಮಾತೇ ಇಲ್ಲ. 90 ಮಿಲಿಲೀಟರ್ ಆಗಲೇಬೇಕು. ಹೆದರಿಕೆಗೆ ಅದು ಬರುವುದಿಲ್ಲ; ಬರಲೆಂದು ಸಿಕ್ಕಾಪಟ್ಟೆ ನೀರು ಕುಡಿದರೆ ತೀರಾ ತೆಳುವಾಯಿತೆಂದು ಮತ್ತೆ ಕೂರಿಸುತ್ತಾರೆ. ಕೊನೆಗೆ ‘ಎ’ ಮತ್ತು ‘ಬಿ’ ಎಂಬ ಎರಡು ಬಾಟಲಿಗಳಿಗೆ ಅದನ್ನು ಹಂಚಿ ಮುಚ್ಚಳ ಬಿಗಿಯುವುದು ನಾವೇ. ಪ್ರಯೋಗಾಲಯಕ್ಕೆ ಹೆಸರು ಹೋಗುವುದಿಲ್ಲ, ಸಂಖ್ಯೆ ಮಾತ್ರ ಹೋಗುತ್ತದೆ. ಆ ಸಂಖ್ಯೆಯೇ ಅದಲುಬದಲಾದರೆ ಸಿಕ್ಕಿಬಿದ್ದವರು ಯಾರು, ಸ್ವಾಮಿ?

2020ರ ಜೂನ್‌ನಲ್ಲಿ ಒಕ್ಕೂಟ ಆರೋಪ ಕೈಬಿಟ್ಟಿತು. ಅಷ್ಟರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟ ಆಕೆಯ ಕೈತಪ್ಪಿತ್ತು. ದೊಡ್ಡಪ್ಪನಿಗೆ ನಾನೇ ಫೋನ್ ಮಾಡಿ ಹೇಳಿದೆ. “ಹೌದಾ” ಎಂದವರು, ತೋಟಕ್ಕೆ ಔಷಧಿ ಹೊಡೆಯಲು ಜನ ಸಿಗುತ್ತಿಲ್ಲ ಎಂಬಲ್ಲಿಗೆ ಮಾತು ತಿರುಗಿಸಿದರು.

2022ರಲ್ಲಿ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದ ಸಮಯದಲ್ಲಿ ಸಂಜಿತಾಳಿಂದ ಪಡೆದ ಮಾದರಿಯಲ್ಲಿ ಡ್ರೊಸ್ಟನೊಲೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಮರುವರ್ಷ ನಾಲ್ಕು ವರ್ಷಗಳ ನಿಷೇಧ ಬಿತ್ತು. ಈ ಸಲ ಯಾರಿಗೂ ನಾನು ಫೋನ್ ಮಾಡಿ ತಿಳಿಸಬೇಕಾಗಲಿಲ್ಲ, ಊರಿಗೇ ಗೊತ್ತಿತ್ತು.

“ದೊಡ್ಡಪ್ಪ, ಈಗಿನದಕ್ಕೆ ಈಗ ಶಿಕ್ಷೆಯಾಗಿದೆ, ಆಗಲಿ. ಅದರಿಂದ ಆವತ್ತಿನ ಸಂಖ್ಯೆ ಸರಿಹೋಯಿತೇ?” ಎಂದೆ. ಪಂಕ್ತಿ ಗಪ್‌ಚಿಪ್. ಚಿಕ್ಕಮ್ಮ ಮಾತು ಮರೆಸಲು, ಬೇಡವೆಂದರೂ ಕೇಳದೆ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಮೈಯಲ್ಲಿ ಏನು ಸಿಕ್ಕರೂ ಹೊಣೆ ಆಟಗಾರ್ತಿಯದೇ ಎಂಬುದು ನಿಯಮ. ನಿಯಮ ಸರಿಯಾಗಿದೆ, ಅದರಂತೆ ಬದುಕುವುದು ಕಷ್ಟ. 2001ರಲ್ಲಿ ವೇಟ್‌ಲಿಫ್ಟರ್ ಕುಂಜರಾಣಿ ದೇವಿಗೆ ಆರು ತಿಂಗಳ ನಿಷೇಧವಾದದ್ದು ನಿಷೇಧಿತ ಉತ್ತೇಜಕ ಸ್ಟ್ರಿಕ್ನಿನ್ ಸಿಕ್ಕಿದ್ದರಿಂದ. ನಮ್ಮ ಕಾಡಿನ ಕಾಸರಕದ ಬೀಜದಲ್ಲಿರುವುದು ಅದೇ ವಿಷ. ಇದನ್ನು ಓದಿದ ಮೇಲೆ ನಾನು ಪಂಡಿತರ ಬಳಿ ಹೋಗಿ, ಲೇಹ್ಯಕ್ಕೆ ಏನೇನು ಹಾಕಿದ್ದೀರಿ ಎಂದು ಕೇಳಿದೆ. ಮೂರು ತಲೆಮಾರಿನಲ್ಲಿ ಯಾರೂ ಕೇಳದ್ದನ್ನು ಕೇಳಿದೆನಂತೆ. ಅವರಿಗೆ ಇಂದಿಗೂ ನನ್ನ ಮೇಲೆ ಸಿಟ್ಟು. ಕುಂಜರಾಣಿ 2006ರಲ್ಲಿ ಮೆಲ್ಬರ್ನ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದರು. ಅದನ್ನು ನೆನಪಿಟ್ಟುಕೊಂಡವರು ನನಗೆ ಸಿಕ್ಕಿಲ್ಲ.

ನಾನು ತೆಗೆದುಕೊಂಡಿಲ್ಲ ಎಂದು ನಂಬುವುದಾದರೆ ಅದರ ಹಿಂದೆಯೇ ಬರಬೇಕಾದ ಪ್ರಶ್ನೆ ಬೇರೆ: ನಿನಗಿಂತ ಮುಂದಿದ್ದವರು ತೆಗೆದುಕೊಂಡಿದ್ದರೇ? ಅದನ್ನು ಯಾರೂ ಕೇಳುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನ 75 ಕೆ.ಜಿ. ವಿಭಾಗದಲ್ಲಿ ಸ್ಪೇನಿನ ಲಿಡಿಯಾ ವ್ಯಾಲೆಂಟಿನ್ ನಾಲ್ಕನೆಯವಳಾಗಿದ್ದಳು. ಹಳೆಯ ಮಾದರಿಗಳನ್ನು ಮರುಪರೀಕ್ಷಿಸಿದಾಗ ಮುಂದಿದ್ದ ಮೂವರೂ ಅನರ್ಹರಾದರು. ವರ್ಷಗಳ ನಂತರ ಚಿನ್ನ ಈಕೆಯದಾಯಿತು. ಪದಕದ ವೇದಿಕೆಯ ಹತ್ತಿರವೂ ಹೋಗದೆ ಆವತ್ತು ಲಂಡನ್ನಿನಿಂದ ಮನೆಗೆ ಹೋದವಳು ಒಲಿಂಪಿಕ್ ಚಾಂಪಿಯನ್!

ವಿಶ್ವವಿದ್ಯಾಲಯಗಳ ಕೂಟವೊಂದರಲ್ಲಿ ನಾನೂ ನಾಲ್ಕನೆಯವಳಾಗಿದ್ದೆ. ಅಲ್ಲಿಗೆ ಮಾದರಿ ಪಡೆಯಲು ಯಾರೂ ಬಂದಿರಲಿಲ್ಲ, ಹಾಗಾಗಿ ಮರುಪರೀಕ್ಷಿಸಲು ಬಾಟಲಿಯೂ ಇಲ್ಲ. ಮುಂದಿದ್ದವರಲ್ಲಿ ಒಬ್ಬಳ ಮೇಲೆ ನನಗೆ ಅನುಮಾನವಿದೆಯೇ? ಇದೆ. ಧ್ವನಿ ಒಡೆದಿತ್ತು, ಬೆನ್ನ ತುಂಬ ಮೊಡವೆ. ಆದರೆ ಧ್ವನಿ ಮತ್ತು ಮೊಡವೆ ನೋಡಿ ತೀರ್ಪು ಕೊಡುವವರು ನಮ್ಮ ಪಂಕ್ತಿಯಲ್ಲಿ ಬೇಕಾದಷ್ಟಿದ್ದಾರೆ. ಹೆಸರು ಹೇಳುವುದಿಲ್ಲ, ದೊಡ್ಡಪ್ಪ ಕೇಳಿದರೂ.