ನಾಯಿ ಮೂಗಲ್ಲಿ ರಕ್ತ ಬಂದ್ರೆ ಎಳನೀರು ಕುಡಿಸಿ ಸುಮ್ನಾಗ್ಬೇಡಿ

ಬೇಸಿಗೆ ಶುರುವಾಯ್ತು ಅಂದ್ರೆ ಕ್ಲಿನಿಕ್ಕಿಗೆ ಈ ಫೋನ್ ಬರೋದು ಗ್ಯಾರಂಟಿ. ಡಾಕ್ಟ್ರೇ ನಾಯಿ ಮೂಗಲ್ಲಿ ರಕ್ತ ಬರ್ತಿದೆ, ಉಷ್ಣ ಆಗಿರ್ಬೇಕು, ಎಳನೀರು ಕುಡಿಸಿದೀವಿ, ನೆತ್ತಿಗೆ ಹರಳೆಣ್ಣೆನೂ ಹಚ್ಚಿದೀವಿ, ಇನ್ನೇನಾದ್ರೂ ಮಾಡ್ಬೇಕಾ? ಇವತ್ತೇ ಕರ್ಕೊಂಡ್ ಬನ್ನಿ ಅಂತೀನಿ. ಮಕ್ಕಳಿಗೆ ಬಿಸಿಲಲ್ಲಿ ಆಡಿ ಮೂಗಲ್ಲಿ ರಕ್ತ ಬರುತ್ತಲ್ಲ, ಆ ಥರ ಸುಮ್ಸುಮ್ನೆ ನಾಯಿಗೆ ಬರಲ್ಲ. ಇಲಿ ಪಾಷಾಣ ತಿಂದಿರ್ಬಹುದು, ಮಳೆಗಾಲ ಆದ್ರೆ ಇಂಬಳ ಮೂಗೊಳಗೆ ಹೊಕ್ಕಿರ್ಬಹುದು, ಆದ್ರೆ ನನ್ನ ಟೇಬಲ್ ಮೇಲೆ ಮತ್ತೆ ಮತ್ತೆ ಸಿಗೋದು ಎರಡು ಕಾಯಿಲೆ, ಅದ್ರಲ್ಲಿ ನೋಡೋಕೆ ಭಯಂಕರವಾಗಿರೋದು ಹೆಚ್ಚಿನ ಸಲ ವಾಸಿಯಾಗುತ್ತೆ, ಏನೂ ಇಲ್ಲ ಅನ್ನಿಸೋದು ಸಾಯಿಸುತ್ತೆ.

ಏನೂ ಇಲ್ಲ ಅನ್ನಿಸೋದು ಉಣುಗಿನ ಕಾಯಿಲೆ, ಟಿಕ್ ಫೀವರ್ ಅಂತ ಎಲ್ರೂ ಹೇಳೋದು. ಉಣುಗು ಅಂದ ತಕ್ಷಣ ನಮ್ಮ ಮಲೆನಾಡಿನೋರು ಮಂಗನ ಕಾಯಿಲೆನಾ ಸಾರ್ ಅಂತ ಗಾಬರಿ ಬೀಳ್ತಾರೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡ ಕಾಯಿಲೆ ಅಲ್ವಾ, ಭಯ ಇರೋದೇ. ಇದು ಅದಲ್ಲ. ಅದು ಕಾಡಿನ ಉಣುಗು, ವೈರಸ್. ಇದು ಕಂದು ಬಣ್ಣದ ನಾಯಿ ಉಣುಗು, ಮನೆ ಗೋಡೆ ಬಿರುಕಲ್ಲಿ, ನಾಯಿಗೂಡಿನ ಸಂದೀಲಿ ಸಂಸಾರ ಮಾಡ್ಕೊಂಡಿರೋದು, ಇದ್ರಿಂದ ಬರೋದು ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ. ಅದು ಬಿಳಿ ರಕ್ತಕಣದೊಳಗೆ ಹೋಗಿ ಕೂರುತ್ತೆ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಇಳಿಯುತ್ತೆ. ನಾನು ಮೊದಲು ನಾಯಿನ ಮಗುಚಿ ಹೊಟ್ಟೆ ನೋಡ್ತೀನಿ, ತೊಡೆ ಸಂದಿ ಕೂದಲಿಲ್ಲದ ಜಾಗದಲ್ಲಿ ಸಾಸಿವೆ ಕಾಳಷ್ಟು ಕೆಂಪು ಚುಕ್ಕೆ ಇದ್ದು ಒತ್ತಿದ್ರೂ ಮಾಸಲಿಲ್ಲ ಅಂದ್ರೆ ಮುಕ್ಕಾಲು ಕಥೆ ಅಲ್ಲೇ ಗೊತ್ತಾಗುತ್ತೆ, ರಕ್ತ ತೆಗೆದ ಜಾಗಾನ ಐದು ನಿಮಿಷ ಹತ್ತಿ ಇಟ್ಟು ಒತ್ತಿ ಹಿಡ್ಕೊಂಡ್ರೂ ಜಿನುಗ್ತಾನೇ ಇರುತ್ತೆ.

ಇದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ, ದುಬಾರಿನೂ ಅಲ್ಲ, ಆದ್ರೆ ನಾಲ್ಕು ವಾರ ಕೊಡ್ಬೇಕು. ಕಷ್ಟ ಇರೋದೇ ಇಲ್ಲಿ. ಮೂರ್ನಾಲ್ಕು ದಿನಕ್ಕೆ ನಾಯಿ ಅನ್ನ ತಿನ್ನೋಕೆ ಶುರು ಮಾಡುತ್ತೆ, ಬಾಲ ಅಲ್ಲಾಡಿಸುತ್ತೆ, ಇವ್ರು ಮಾತ್ರೆ ನಿಲ್ಲಿಸ್ತಾರೆ. ಬ್ಯಾಕ್ಟೀರಿಯಾ ಮಾತ್ರ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಏನೂ ತೋರಿಸ್ಕೊಳ್ದೆ ಒಳಗೇ ಇದ್ದು ಕೊನೆಗೆ ಮೂಳೆ ಮಜ್ಜೆನ ಹಾಳು ಮಾಡುತ್ತೆ, ಆಗ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಳಿದಿರುತ್ತೆ, ಒಸಡು ಬಿಳಿ ಕಾಗದ ಇದ್ದಂಗೆ ಇರುತ್ತೆ. ಆ ಹಂತದಲ್ಲಿ ಬಂದ ನಾಯಿ ಉಳಿಯೋದು ಕಷ್ಟ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದ ನಾಯಿಗಳು, ಅದ್ರಲ್ಲೂ ಜರ್ಮನ್ ಶೆಫರ್ಡ್‌ಗಳು, ಮೂಗಲ್ಲಿ ರಕ್ತ ಸುರಿದು ಸತ್ತಿದ್ದು ಇದರಿಂದಾನೇ. ಇವತ್ತಿಗೂ ಶೆಫರ್ಡ್ ಸಾಕಿರೋರಿಗೆ ನಾನು ಒಂದು ಮಾತು ಜಾಸ್ತಿನೇ ಹೇಳ್ತೀನಿ.

ಇನ್ನೊಂದು ಕಾಯಿಲೆ ವಿಚಿತ್ರ. ಹೊಸನಗರ ಕಡೆಯ ಒಬ್ರು ಗೌಡ್ರು ತೋಟದ ನಾಯಿನ ಜೀಪಲ್ಲಿ ಹಾಕ್ಕೊಂಡು ಬಂದ್ರು, ಕರಿಯ ಅಂತ ಹೆಸರು. ಒಂದೇ ಹೊಳ್ಳೇಲಿ ರಕ್ತ, ಕಣ್ಣಿಗೂ ಮೂಗಿಗೂ ಮಧ್ಯ ನಿಂಬೆಹಣ್ಣಿನಷ್ಟು ಊತ, ಉಸಿರು ಎಳ್ಕೊಂಡ್ರೆ ಗೊರಗೊರ. ಅವರ ಮಗ ಬೆಂಗಳೂರಿಂದ ಫೋಟೋ ನೋಡಿ ಕ್ಯಾನ್ಸರ್ ಅಪ್ಪ, ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಡಿ ಅಂದಿದ್ನಂತೆ. ಹುಡುಗ ಕ್ಯಾನ್ಸರ್ ಅಂದಿದ್ದು ಸರಿಯೇ. ಹೊಳ್ಳೆಯಿಂದ ಚೂರು ತೆಗೆದು ಸ್ಲೈಡಿಗೆ ಒತ್ತಿ ಬಣ್ಣ ಹಾಕಿ ನೋಡಿದ್ರೆ ದುಂಡು ದುಂಡು ಜೀವಕೋಶ, ಅವುಗಳ ಒಳಗೆ ಸಾಲಾಗಿ ಖಾಲಿ ಗುಳ್ಳೆ, ಟಿವಿಟಿ, ಅಂದ್ರೆ ನಾಯಿಂದ ನಾಯಿಗೆ ಅಂಟೋ ಗಡ್ಡೆ ಅಂತ ಅಲ್ಲೇ ಹೇಳ್ಬಹುದು.

ಈ ಗಡ್ಡೆಯ ಜೀವಕೋಶ ಕರಿಯನದ್ದೇ ಅಲ್ಲ. ಸಾವಿರಾರು ವರ್ಷದ ಹಿಂದೆ ಯಾವುದೋ ಒಂದು ನಾಯಿಗೆ ಬಂದ ಕ್ಯಾನ್ಸರ್, ಆ ನಾಯಿ ಸತ್ರೂ ಅದರ ಕೋಶ ಮಾತ್ರ ಸಾಯ್ದೆ ನಾಯಿಂದ ನಾಯಿಗೆ ದಾಟ್ಕೊಂಡು ಇವತ್ತು ಹೊಸನಗರದ ತೋಟಕ್ಕೆ ಬಂದಿದೆ. ಬೆದೆ ಟೈಮಲ್ಲಿ ಕೂಡೋವಾಗ ಅಂಟುತ್ತೆ, ಹಾಗಾಗಿ ಸಾಮಾನ್ಯವಾಗಿ ಗಡ್ಡೆ ಕೆಳಗಡೆನೇ ಇರೋದು. ಆದ್ರೆ ಗಂಡುನಾಯಿಗಳು ಮೂಸಿ ನೆಕ್ಕಿ ಮಾಡ್ತಾವಲ್ಲ, ಮೂಗಿಗೂ ಹತ್ತುತ್ತೆ, ಮೂಗಿನ ಕೇಸಲ್ಲಿ ಗಂಡೇ ಜಾಸ್ತಿ. 1876ರಲ್ಲೇ ರಷ್ಯಾದ ನೋವಿನ್ಸ್ಕಿ ಅನ್ನೋ ಪಶುವೈದ್ಯರು ಈ ಗಡ್ಡೆಯ ಚೂರನ್ನ ಇನ್ನೊಂದು ನಾಯಿಗೆ ನಾಟಿ ಮಾಡಿ ಬೆಳೆಸಿ ತೋರಿಸಿದ್ರು. ನಾಯಿಗೆ ಇರ್ಬೇಕಾದ ಕ್ರೋಮೋಸೋಮ್ 78, ಈ ಗಡ್ಡೆಯ ಕೋಶದಲ್ಲಿ 60ರ ಆಸುಪಾಸು. 2019ರಲ್ಲಿ ಕೇಂಬ್ರಿಡ್ಜಿನ ತಂಡ ಬೇರೆ ಬೇರೆ ದೇಶದ 546 ಗಡ್ಡೆಗಳ ಡಿಎನ್‌ಎ ನೋಡಿ, ಇದು ಹುಟ್ಟಿದ್ದು 4,000ದಿಂದ 8,500 ವರ್ಷದ ಹಿಂದೆ, ಏಷ್ಯಾದಲ್ಲಿ ಅಂತ ಲೆಕ್ಕ ಹಾಕಿದ್ರು. ನನಗಂತೂ ಪ್ರತಿ ಸಲ ಸ್ಲೈಡ್ ನೋಡುವಾಗ್ಲೂ ಮೈ ಜುಮ್ಮನ್ನುತ್ತೆ.

ಔಷಧಿ ಏನು ಅಂದ್ರೆ ವಿಂಕ್ರಿಸ್ಟಿನ್, ಮನೆ ಮುಂದೆ ತಾನಾಗೇ ಬೆಳ್ಕೊಳ್ಳುತ್ತಲ್ಲ ಆ ನಿತ್ಯಪುಷ್ಪದ ಗಿಡದಿಂದ ಬಂದಿದ್ದು (ಹಂಗಂತ ಎಲೆ ಅರೆದು ಕುಡಿಸ್ಬೇಡಿ ಮಾರಾಯ್ರೇ, ವಿಷ ಅದು). ವಾರಕ್ಕೊಂದು ಇಂಜೆಕ್ಷನ್, ನರಕ್ಕೇ ಹೋಗ್ಬೇಕು, ಒಂದು ಹನಿ ಆಚೆ ಸೋರಿದ್ರೂ ಆ ಜಾಗದ ಚರ್ಮ ಕೊಳೆಯುತ್ತೆ, ಅದಕ್ಕೇ ನಾನು ಗ್ಲೌಸ್ ಹಾಕ್ಕೊಂಡು, ಸಲೈನ್ ಬಿಟ್ಟು ಕ್ಯಾನುಲಾ ಸರಿಯಾಗಿದ್ಯಾ ನೋಡ್ಕೊಂಡೇ ಮುಟ್ಟೋದು. ಪ್ರತಿ ಸಲ ಬಿಳಿ ರಕ್ತಕಣದ ಕೌಂಟ್ ಮಾಡಿಸ್ಬೇಕು, ಮನೇಲಿ ಎರಡು ದಿನ ಅದರ ಉಚ್ಚೆ ಬರಿಗೈಲಿ ಬಳೀಬಾರ್ದು. ಕರಿಯಂಗೆ ಎರಡನೇ ಇಂಜೆಕ್ಷನ್ನಿಗೇ ರಕ್ತ ನಿಂತ್ಕೊಳ್ತು, ಕೋರ್ಸ್ ಮುಗಿಯೋ ಹೊತ್ತಿಗೆ ಊತ ಇತ್ತಾ ಅನ್ನೋ ಹಂಗಾಗಿತ್ತು.

ಬೀದಿನಾಯಿಗಳದ್ದು ಬೇರೆ ಕಥೆ, ಪ್ರತಿ ವಾರ ಅದೇ ನಾಯಿನ ಹಿಡ್ಕೊಂಡ್ ಬರೋರು ಯಾರು? ಇಂಗ್ಲೆಂಡಲ್ಲಿ ಒಂದು ಕಾಲದಲ್ಲಿ ಇದು ಇತ್ತು, ನಾಯಿಗಳು ಬೀದಿ ಸುತ್ತೋದು ನಿಂತ ಮೇಲೆ ಹೋಗೇ ಹೋಯ್ತು. ನಮ್ಮಲ್ಲಿ ಸಂತಾನಹರಣ ಆಪರೇಷನ್ ಒಂದೇ ದಾರಿ, ಅದೂ ಮನೆನಾಯಿಗೂ ಸೇರಿ. ಗೌಡ್ರಿಗೆ ಕರಿಯಂದೂ ಮಾಡಿಸಿಬಿಡೋಣ ಅಂದೆ, ಗಂಡುನಾಯಿಗ್ಯಾಕೆ ಡಾಕ್ಟ್ರೇ, ಪಾಪ ಅಂದ್ರು. ಇನ್ನೊಂದ್ಸಲ ಬಿಡಿಸಿ ಹೇಳಿದ್ಮೇಲೆ ಮುಂದಿನ ವಾರ ಕರ್ಕೊಂಡ್ ಬರ್ತೀನಿ ಅಂದೋರು ಇನ್ನೂ ಬಂದಿಲ್ಲ. ಫೋನ್ ಮಾಡಿದ್ರೆ ಅಡಿಕೆ ಕೊನೆ ಕೊಯ್ಲು ನಡೀತಿದೆ ಅಂತಾರೆ.