ಚೆಕ್ಕಿನೊಳಗೊಬ್ಬ ರಾಜ

ಬ್ಯಾಂಕಿನ ಚೆಕ್, ಚೌಕುಳಿ ಬಟ್ಟೆಯ ‘ಚೆಕ್ಸ್’, ಹೆದ್ದಾರಿಯ ಚೆಕ್‌ಪೋಸ್ಟ್ ಎಲ್ಲವೂ ಒಂದೇ ಬೇರಿನವು. ಬೇರು ಪಾರಸಿಯ ‘ಶಾಹ್’, ಅಂದರೆ ರಾಜ.

ನಮ್ಮ ಚತುರಂಗ ಪರ್ಶಿಯಾದಲ್ಲಿ ಚತ್ರಂಗ್, ಅರಬರಲ್ಲಿ ಶತ್ರಂಜ್ ಆಗಿ ಯುರೋಪ್ ಸೇರಿತು. ರಾಜನಿಗೆ ಕುತ್ತು ಬಂದಾಗ ‘ಶಾಹ್’ ಎಂದು ಎಚ್ಚರಿಸುವ ರೂಢಿಯೂ ಜೊತೆಗೇ ಹೋಯಿತು. ಆ ಶಾಹ್ ಮಧ್ಯಯುಗದ ಲ್ಯಾಟಿನ್ನಿನಲ್ಲಿ ಸ್ಕಾಕಸ್, ಹಳೆಯ ಫ್ರೆಂಚಿನಲ್ಲಿ ಎಸ್ಚೆಕ್, ಇಂಗ್ಲಿಷಿನಲ್ಲಿ ಚೆಕ್. ಅದೇ ಫ್ರೆಂಚ್ ಪದದ ಬಹುವಚನವೇ ಚೆಸ್. ‘ಶಾಹ್ ಮಾತ್’ ಚೆಕ್‌ಮೇಟ್ ಆಯಿತು. ಇದಕ್ಕೆ ‘ರಾಜ ಸತ್ತ’ ಎಂದು ಅರ್ಥ ಹೇಳುವವರೇ ಹೆಚ್ಚು. ಅದು ಅರಬ್ಬಿಯ ‘ಮಾತ’ದ ನೆರಳು. ಪಾರಸಿಯ ‘ಮಾತ್’ ಎಂದರೆ ದಿಕ್ಕುಗೆಟ್ಟವನು. ನನಗೆ ಇದೇ ಸರಿ ಅನಿಸುತ್ತದೆ: ಚದುರಂಗದಲ್ಲಿ ರಾಜನನ್ನು ಹೊಡೆಯುವುದೇ ಇಲ್ಲವಲ್ಲ!

ಚೆಕ್ ಬಿದ್ದರೆ ಮೊದಲು ರಾಜನನ್ನು ಉಳಿಸಿಕೊಳ್ಳಬೇಕು, ಬೇರೆ ಆಟವೆಲ್ಲ ನಿಲ್ಲುತ್ತದೆ. ಹಾಗಾಗಿ ಪದಕ್ಕೆ ‘ತಡೆ’ ಎಂಬ ಅರ್ಥ ಬಂತು. ‘ಸರಿಯಿದೆಯೇ ನೋಡು’ ಎಂಬುದು ಆಮೇಲಿನದು.

ಹಣದ ಕಡೆ ಹೊರಳಿದ ಕಥೆ ಇನ್ನೂ ಸೊಗಸು. 12ನೇ ಶತಮಾನದ ಇಂಗ್ಲೆಂಡಿನಲ್ಲಿ ಜಿಲ್ಲೆಗಳ ಅಧಿಕಾರಿಗಳಾದ ಶೆರಿಫರು ತಂದ ಕಂದಾಯವನ್ನು ಹತ್ತಡಿ ಉದ್ದ, ಐದಡಿ ಅಗಲದ ಮೇಜಿನ ಮೇಲೆ ಲೆಕ್ಕ ಹಾಕುತ್ತಿದ್ದರು. ಆಗಿನ ರಾಜನ ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ ಇದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಪ್ಪು ಬಟ್ಟೆಯ ಮೇಲೆ ಗೆರೆ ಎಳೆದು ಪೆನ್ಸ್, ಶಿಲಿಂಗ್, ಪೌಂಡು, ಇಪ್ಪತ್ತು, ನೂರು, ಸಾವಿರ ಎಂದು ಸಾಲು ಮಾಡಿ ಬಿಲ್ಲೆ ಇಡುವುದು. 12 ಪೆನ್ಸ್ ತುಂಬಿದರೆ ಅವನ್ನೆತ್ತಿ ಶಿಲಿಂಗಿನ ಸಾಲಿಗೆ ಒಂದು ಬಿಲ್ಲೆ. 20 ಶಿಲಿಂಗಾದರೆ ಪೌಂಡಿಗೆ. ಕೊಡಬೇಕಾದದ್ದು ಮೇಲೆ, ಕೊಟ್ಟದ್ದು ಕೆಳಗೆ, ಕಳೆದು ಉಳಿದದ್ದು ಬಾಕಿ. ರೋಮನ್ ಅಂಕಿಗಳಲ್ಲಿ ಕಾಗದದ ಮೇಲೆ ಕಳೆಯುವುದಕ್ಕಿಂತ ಇದು ಎಷ್ಟೋ ಸಲೀಸು. ಚದುರಂಗದ ಹಲಗೆಯಂತಿದ್ದ ಈ ಮೇಜಿನಿಂದಲೇ ಖಜಾನೆಗೆ ‘ಎಕ್ಸ್‌ಚೆಕರ್’ ಎಂದು ಹೆಸರು. ಬ್ರಿಟನ್ನಿನ ಹಣಕಾಸು ಸಚಿವರ ಪದವಿ ಇಂದಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’.

ಬ್ಯಾಂಕಿನ ಚೆಕ್ 18ನೇ ಶತಮಾನದ್ದು. ಮೊದಲು ಆ ಹೆಸರಿದ್ದದ್ದು ಖೋಟಾ ತಡೆಯಲು ಇಟ್ಟುಕೊಳ್ಳುತ್ತಿದ್ದ ಕೌಂಟರ್‌ಫಾಯಿಲಿಗೆ, ಅಂದರೆ ಹರಿದ ಮೇಲೆ ಪುಸ್ತಕದಲ್ಲೇ ಉಳಿಯುವ ಚೂರಿಗೆ. ಆಮೇಲೆ ಹರಿದುಕೊಡುವ ಹಾಳೆಗೇ ಅಂಟಿತು. ಬ್ರಿಟಿಷ್ ಇಂಗ್ಲಿಷಿನಲ್ಲಿ ಈ ಪದದ ಕೊನೆಗೆ ‘ಕ್ಯೂಯುಇ’ (cheque) ಬರೆಯುವುದು ಎಕ್ಸ್‌ಚೆಕರ್ ಪ್ರಭಾವ. ನಮ್ಮ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿರುವುದೂ ಇದೇ ಕಾಗುಣಿತ. ಅಮೆರಿಕದವರು ‘ಸಿಕೆ’ಯಲ್ಲೇ (check) ನಿಂತರು. ಪರಿಶೀಲಿಸು ಎಂಬ ಅರ್ಥಕ್ಕೆ ಮಾತ್ರ ಎಲ್ಲೆಡೆಯೂ ‘ಸಿಕೆ’. ಆಫೀಸಿನ ಇಮೇಲುಗಳಲ್ಲಿ ಕಾಣುವ ‘ಪ್ಲೀಸ್ ಚೆಕ್’ಗೆ ಬ್ಯಾಂಕಿನ ಕಾಗುಣಿತ ಹಾಕಿದರೆ ಲಂಡನ್ನಿನಲ್ಲೂ ತಪ್ಪು, ನ್ಯೂಯಾರ್ಕಿನಲ್ಲೂ ತಪ್ಪು.