ಇಂಜಿನ್ ನಾವೇ ಕಟ್ಟೋದಾ, ಬಿಲ್ಡರ್ ಕೈಗೆ ಕೊಡೋದಾ?

ಇಂಜಿನ್ ಬಿಚ್ಚೋದು ಯಾರ್ ಬೇಕಾದ್ರೂ ಬಿಚ್ತಾರೆ. ಮತ್ತೆ ಕಟ್ಟೋದ್ರಲ್ಲೇ ಇರೋದು ಮಜಾನೂ ತಲೆನೋವೂ. ಇಂಜಿನ್ ಕಟ್ಟಿಕೊಡೋ ಬಿಲ್ಡರ್ ರೇಟ್ ಕೇಳಿದ ತಕ್ಷಣ ಎದೆ ಧಸಕ್ ಅನ್ನುತ್ತೆ, ಆಗ ಎಲ್ರಿಗೂ ಬರೋ ಯೋಚ್ನೆ ಒಂದೇ, ನಾವೇ ಕಟ್ಕೊಂಡ್ರೆ ಅರ್ಧಕ್ಕರ್ಧ ದುಡ್ಡು ಉಳಿಯುತ್ತಲ್ವಾ ಅಂತ. ಅಷ್ಟೆಲ್ಲಾ ಉಳಿಯಲ್ಲ ಕಣ್ರೀ.

ಯಾಕಂದ್ರೆ ಪಿಸ್ಟನ್ನು, ರಿಂಗು, ಬೇರಿಂಗು, ಗ್ಯಾಸ್ಕೆಟ್ ಸೆಟ್ಟು ಯಾರು ಕಟ್ಟಿದ್ರೂ ತಗೊಳ್ಳಲೇಬೇಕು. ಬೋರ್ (ಪಿಸ್ಟನ್ ಓಡಾಡೋ ಸಿಲಿಂಡರ್ ರಂಧ್ರ) ಹೊಡೆಸಿ ಹೋನ್ ಮಾಡ್ಸೋದು (ಅದರ ಒಳಗೋಡೆ ಉಜ್ಜೋದು), ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಶಾಫ್ಟ್) ಗ್ರೈಂಡಿಂಗು, ವಾಲ್ವ್ ಸೀಟ್ ಕಟಿಂಗು, ಇವೆಲ್ಲ ಹೇಗಿದ್ರೂ ಮೆಷಿನ್ ಶಾಪ್ ಕೆಲ್ಸ, ಆ ಮೆಷಿನ್‌ಗಳನ್ನ ಮನೇಲಿ ಯಾರು ಇಟ್ಕೊಂಡಿರ್ತಾರೆ? ಉಳಿಯೋದು ಜೋಡಿಸೋ ಕೂಲಿ ಮಾತ್ರ. ಅದ್ರಲ್ಲೂ ಟಾರ್ಕ್ ರೆಂಚು (ಬೋಲ್ಟನ್ನ ಹೇಳಿದಷ್ಟೇ ಬಿಗಿಯೋ ಪಾನಾ), ಮೈಕ್ರೋಮೀಟರು, ಬೋರ್ ಗೇಜು, ರಿಂಗ್ ಕಂಪ್ರೆಸರ್ ಅಂತ ತಗೋತಾ ಹೋದ್ರೆ ಮೊದಲನೇ ಇಂಜಿನ್‌ಗೆ ಲೆಕ್ಕ ಹೆಚ್ಚುಕಮ್ಮಿ ಸಮ ಆಗ್ಬಿಡುತ್ತೆ.

ನನ್ನ ಪ್ರಕಾರ ಬಿಲ್ಡರ್‌ಗೆ ದುಡ್ಡು ಕೊಡೋದು ಅಳತೆ ನೋಡೋದಕ್ಕೆ. ಕ್ರ್ಯಾಂಕ್ ಬೇರಿಂಗನ್ನೇ ತಗೊಳ್ಳಿ, ಹಳೇ ಅಂದಾಜು ಏನಂದ್ರೆ ಜರ್ನಲ್ (ಬೇರಿಂಗ್ ಒಳಗೆ ತಿರುಗೋ ಕ್ರ್ಯಾಂಕ್ ಭಾಗ) ವ್ಯಾಸದ ಸಾವಿರದಲ್ಲಿ ಒಂದು ಪಾಲು ಸಂದಿ ಇರ್ಬೇಕು, ಅಂದ್ರೆ 50 ಮಿಮೀ ಜರ್ನಲ್‌ಗೆ ಸುಮಾರು 0.05 ಮಿಮೀ, ಹೆಚ್ಚುಕಮ್ಮಿ ಒಂದು ತಲೆಕೂದಲಿನ ದಪ್ಪ. ಅದಕ್ಕಿಂತ ತೀರಾ ಟೈಟ್ ಆದ್ರೆ ಆಯಿಲ್ ಪದರ ನಿಲ್ಲದೆ ಬೇರಿಂಗ್ ಹಿಡ್ಕೊಳ್ಳುತ್ತೆ, ತೀರಾ ಲೂಸ್ ಆದ್ರೆ ಇಂಜಿನ್ ಬಿಸಿಯಾಗಿ ಐಡಲ್‌ಗೆ ಬಂದಾಗ ಆಯಿಲ್ ಪ್ರೆಶರ್ ಬಿದ್ದೋಗುತ್ತೆ. ಮನೇಲಿ ಇದನ್ನ ಪ್ಲಾಸ್ಟಿಗೇಜ್‌ನಲ್ಲಿ ನೋಡ್ಬೋದು: ಸಣ್ಣ ಎಳೆ ಥರ ಇರುತ್ತೆ, ಜರ್ನಲ್ ಮೇಲಿಟ್ಟು ಕ್ಯಾಪ್ ಹಾಕಿ ಪೂರ್ತಿ ಟಾರ್ಕ್ ಮಾಡಿ, ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆ ಆಗಿದೆ ಅಂತ ಅದರ ಕವರ್ ಮೇಲಿರೋ ಸ್ಕೇಲ್ ಜೊತೆ ಹಿಡಿದು ನೋಡೋದು (ನಡುವೆ ಕ್ರ್ಯಾಂಕ್ ತಿರುಗಿಸಿದ್ರೆ ಮುಗೀತು, ಎಳೆ ಸವರಿ ಹೋಗುತ್ತೆ). ಆದ್ರೆ ಜರ್ನಲ್ ಒಂದು ಕಡೆ ಸವೆದು ಮೊಟ್ಟೆಯಾಕಾರ ಆಗಿದ್ರೆ ಇದು ಸರಿಯಾಗಿ ಹೇಳಲ್ಲ, ಮೈಕ್ರೋಮೀಟರ್ ಹಿಡಿದು ನಾಲ್ಕಾರು ಕಡೆ ಅಳೀಲೇಬೇಕು, ಅದಕ್ಕೆ ಕೈ ಪಳಗಿರ್ಬೇಕು.

ರಿಂಗ್ ಗ್ಯಾಪೂ, ಅಂದ್ರೆ ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಸಂದೀನೂ, ಹಾಗೇ. ಕಂಪನಿಯಿಂದ ಬಂದ ಹಾಗೇ ಇರೋ ಸ್ಟಾಕ್ ಇಂಜಿನ್‌ಗೆ ಬೋರ್‌ನ ಪ್ರತಿ ಇಂಚಿಗೆ 0.004 ಇಂಚು ಅನ್ನೋ ಲೆಕ್ಕದಲ್ಲಿ 86 ಮಿಮೀ ಬೋರ್‌ಗೆ ಸುಮಾರು 0.34 ಮಿಮೀ ಬರುತ್ತೆ, ಟರ್ಬೋ ಇದ್ರೆ ಇನ್ನೂ ಜಾಸ್ತಿ ಬಿಡ್ಬೇಕು, ಇಲ್ಲಾಂದ್ರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗೆ ತುದಿ ಕೂತು ಪಿಸ್ಟನ್‌ನೇ ಒಡೆದುಹಾಕುತ್ತೆ.

ಟಾರ್ಕ್ ರೆಂಚ್ ಕ್ಲಿಕ್ ಅಂದ ತಕ್ಷಣ ನಿಶ್ಚಿಂತೆ ಅನ್ಕೋಬೇಡಿ. ನಾವು ಹಾಕೋ ಬಲದಲ್ಲಿ ಸುಮಾರು 90 ಪರ್ಸೆಂಟ್ ಘರ್ಷಣೆಗೇ ಹೋಗುತ್ತೆ, ಬೋಲ್ಟನ್ನ ಎಳೆದು ಬಿಗಿಯಾಗಿ ಹಿಡಿಸೋದು ಉಳಿದ ಚೂರು. ಹಾಗಾಗಿ ಥ್ರೆಡ್‌ಗೆ ಆಯಿಲ್ ಹಚ್ಚಿದ್ರೆ, ಹಚ್ಚದಿದ್ರೆ, ಅದೇ ನಂಬರ್‌ಗೆ ಬಿಗಿ ಬೇರೆ ಬೇರೆ ಬರುತ್ತೆ. ಮ್ಯಾನ್ಯುಯಲ್ ಏನ್ ಹೇಳುತ್ತೋ ಅದನ್ನೇ ಮಾಡಿ. ಬಿಗಿದಾಗ ಹಿಗ್ಗೋ ಥರ ಮಾಡಿರೋ ಹೆಡ್ ಬೋಲ್ಟ್‌ಗಳು ಒಂದೇ ಸಲಕ್ಕೆ, ಹಳೇದನ್ನ ಮತ್ತೆ ಹಾಕೋ ಜಿಪುಣತನ ಬೇಡ.

ಇನ್ನೊಂದು ವಿಷ್ಯ ಯಾರೂ ಮೊದಲೇ ಯೋಚ್ನೆ ಮಾಡಲ್ಲ. ಬೋರಿಂಗು, ಗ್ರೈಂಡಿಂಗು ಒಬ್ರ ಹತ್ರ ಮಾಡ್ಸಿ ಜೋಡಣೆ ನಾವ್ ಮಾಡ್ಕೊಂಡು, ನಾಳೆ ಬೇರಿಂಗ್ ಹೋಯ್ತು ಅಂದ್ರೆ, ಶಾಪ್‌ನವರು ನಿಮ್ ಜೋಡಣೆ ಸರಿಯಿಲ್ಲ ಅಂತಾರೆ, ನಾವು ನಿಮ್ ಗ್ರೈಂಡಿಂಗ್ ಸರಿಯಿಲ್ಲ ಅಂತೀವಿ, ಅಲ್ಲಿಗೆ ಕಥೆ ಮುಗೀತು. ಪೂರ್ತಿ ಒಬ್ರ ಕೈಗೆ ಕೊಟ್ಟಿದ್ರೆ ಕೇಳೋಕೆ ಒಬ್ರಾದ್ರೂ ಇರ್ತಾರೆ. ಆದ್ರೆ ಕೊಡೋ ಮುಂಚೆ ಒಂದು ಮಾತು ಕೇಳಿ: ಪ್ರತಿ ಬೇರಿಂಗ್ ಸಂದಿ, ಪ್ರತಿ ರಿಂಗ್ ಗ್ಯಾಪು ಬರೆದ ಹಾಳೆ ಕೊಡ್ತೀರಾ ಅಂತ. "ಅದೆಲ್ಲಾ ಯಾಕೆ ಸಾರ್, ನಮ್ಗೆ ಕೈಯಲ್ಲೇ ಗೊತ್ತಾಗುತ್ತೆ" ಅಂದ್ರೆ ಇಂಜಿನ್ ಎತ್ಕೊಂಡು ವಾಪಸ್ ಬನ್ನಿ, ಕೈಯಳತೆಗೆ ಅಷ್ಟು ದುಡ್ಡು ಯಾಕ್ ಕೊಡ್ಬೇಕು.

ಹಾಗಂತ ಮನೇಲಿ ಕಟ್ಟೋದು ದಂಡ ಅಂತಲ್ಲ. ಸ್ಟಾಕ್ ಇಂಜಿನ್, ಮ್ಯಾನ್ಯುಯಲ್ ಸಿಗುತ್ತೆ, ದಿನಾ ಓಡಾಡೋಕೆ ಬೇರೆ ಗಾಡಿ ಇದೆ ಅಂದ್ರೆ ಧಾರಾಳವಾಗಿ ಕಟ್ಟಿ, ಅದ್ರಿಂದ ಕಲಿಯೋದು ಎಲ್ಲೂ ದುಡ್ಡಿಗೆ ಸಿಗಲ್ಲ. ಹೆವಿ ಟರ್ಬೋ, ಹೈ ಆರ್‌ಪಿಎಂ ಅಂದ್ರೆ ನಾನಂತೂ ಬಿಲ್ಡರ್‌ಗೇ ಕೊಡ್ತೀನಿ. ಭಯ ಇದ್ರೆ ಕ್ರ್ಯಾಂಕ್, ಪಿಸ್ಟನ್ ಕೂರಿಸಿರೋ ಶಾರ್ಟ್ ಬ್ಲಾಕ್ ಅವ್ರಿಂದ ತಗೊಂಡು ಹೆಡ್ಡು, ಟೈಮಿಂಗು (ಕ್ರ್ಯಾಂಕ್‌ಗೂ ವಾಲ್ವ್ ತೆರೆಯೋ ಕ್ಯಾಮ್‌ಗೂ ಹೊಂದಾಣಿಕೆ ಕೂರಿಸೋದು) ನಾವ್ ಹಾಕ್ಕೊಳ್ಳೋದೂ ಇದೆ, ಮೊದಲ ಸಲಕ್ಕೆ ನಾನು ಹೇಳೋದು ಇದನ್ನೇ.

ಟೈಮಿಂಗ್ ಹಾಕಿದ ಮೇಲೆ ಕೈಯಲ್ಲೇ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿ, ಆಗ ಕ್ಯಾಮ್ ಒಂದು ಸುತ್ತು ಬಂದಿರುತ್ತೆ, ಎಲ್ಲಾದ್ರೂ ತಡೆದ್ರೆ ಬಲ ಹಾಕ್ದೆ ಅಲ್ಲೇ ನಿಲ್ಸಿ, ವಾಲ್ವ್ ಪಿಸ್ಟನ್‌ಗೆ ತಾಗ್ತಿರ್ಬೋದು. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಫ್ಯುಯೆಲ್ಲು, ಇಗ್ನಿಷನ್ನು ಕಟ್ ಮಾಡಿ, ಆಯಿಲ್ ಪ್ರೆಶರ್ ಬರೋ ತನಕ ಬಿಟ್ಟು ಬಿಟ್ಟು ಸ್ಟಾರ್ಟರ್ ಹೊಡೀರಿ. ಸ್ಟಾರ್ಟ್ ಆದ್ಮೇಲೆ ಸುಮ್ನೆ ಐಡಲ್‌ನಲ್ಲಿ ಬಿಡ್ಬೇಡಿ, ಹೊಸ ರಿಂಗ್ ಬೋರ್ ಗೋಡೆಗೆ ಹೊಂದ್ಕೊಂಡು ಕೂರೋಕೆ ಲೋಡ್ ಬೇಕು. ಲೀಕ್ ಇಲ್ಲ ಅಂತ ನೋಡ್ಕೊಂಡು ರೋಡಿಗಿಳಿಸಿ. ಮೊದಲ ಆಯಿಲ್ ಬದಲಾಯಿಸೋವಾಗ ಹಳೇ ಫಿಲ್ಟರ್ ಕುಯ್ದು ಪೇಪರ್ ಬಿಡಿಸಿ ನೋಡಿ. ಸ್ವಲ್ಪ ಸಣ್ಣ ಬೂದು ಪುಡಿ ಇದ್ರೆ ಪರವಾಗಿಲ್ಲ, ಹೊಳೆಯೋ ಚೂರುಗಳು ಕಂಡ್ರೆ ಗಾಡಿ ಅಲ್ಲೇ ನಿಲ್ಸಿ ಸಂಪ್ (ಇಂಜಿನ್ ಅಡಿಯ ಆಯಿಲ್ ತಟ್ಟೆ) ಬಿಚ್ಚಿ.